ನಿದ್ದೆಯಿಲ್ಲದ ಬಳ್ಳಿ

ಯುಗಾದಿ ಕಳೆದು, ಭರಣಿ ಮಳೆ ಹುಟ್ಟುವ ಮೊದಲೇ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳಲ್ಲಿ ಕತ್ತರಿ ಆಡತೊಡಗುತ್ತದೆ. ಹಣ್ಣು ಕೊಟ್ಟು ದಣಿದ ಕಡ್ಡಿಗಳನ್ನೆಲ್ಲ ಬುಡದ ಒಂದೆರಡು ಕಣ್ಣು ಉಳಿಸಿ ಸವರಿಬಿಡುತ್ತಾರೆ. ಕಡಿದ ಬಾಯಲ್ಲಿ ನೀರು ಜಿನುಗುತ್ತದೆ. ಬೇರಿನ ಒತ್ತಡ ಮೇಲಕ್ಕೆ ತಳ್ಳಿದ ರಸ ಅದು. ಒಂದು ಹನಿ ತುಂಬಿ ಬೀಳುವಷ್ಟರಲ್ಲಿ ಇನ್ನೊಂದು ಕೂಡಿಕೊಳ್ಳುತ್ತದೆ. ಕೆಂಪು ಮಣ್ಣಿನ ಮೇಲೆ ಪ್ರತಿ ಬಳ್ಳಿಯ ಕೆಳಗೂ ಒಂದೊಂದು ಕಪ್ಪು ಚುಕ್ಕೆ. ಬಿಸಿಲು ಏರಿದಂತೆ ಹನಿ ನಿಧಾನವಾಗುತ್ತದೆ, ಬೆಳಿಗ್ಗೆ ಮತ್ತೆ ಚುರುಕಾಗುತ್ತದೆ. ಕೆಲವು ದಿನ ಹೀಗೆ ನಡೆದು ಗಾಯ ಒಣಗುತ್ತದೆ. ಆಮೇಲೆ ಉಳಿದ ಕಣ್ಣು ಊದಿಕೊಳ್ಳುತ್ತದೆ.

ಚಳಿ ದೇಶಗಳಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಒಂದೇ ಸವರುವಿಕೆ. ಅಲ್ಲಿ ಎಲೆ ಉದುರಿ, ಬಳ್ಳಿ ತಿಂಗಳುಗಟ್ಟಲೆ ಮಲಗಿ, ವಸಂತದಲ್ಲಿ ತಾನಾಗಿ ಏಳುತ್ತದೆ. ನಂದಿಯ ತಪ್ಪಲು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಫ್ರಾನ್ಸಿನ ಬೋರ್ಡೋದಲ್ಲಿ ಆ ವ್ಯತ್ಯಾಸ ಏಳು ಗಂಟೆಗೆ ಹತ್ತಿರ. ಮಲಗು ಎಂದು ಹೇಳುವ ಚಳಿ ಇಲ್ಲಿಲ್ಲ, ಏಳು ಎಂದು ಕರೆಯುವ ಬೆಳಕಿನ ಬದಲಾವಣೆಯೂ ಇಲ್ಲ. ಹಾಗೇ ಬಿಟ್ಟರೆ ಬಳ್ಳಿ ವರ್ಷವಿಡೀ ಹಸಿರಾಗಿ ಹಬ್ಬುತ್ತ, ಅಲ್ಲೊಂದು ಇಲ್ಲೊಂದು ಗೊಂಚಲು ಬಿಟ್ಟು ಸೊರಗುತ್ತದೆ. ಆದ್ದರಿಂದ ಋತುವಿನ ಕೆಲಸವನ್ನು ಕತ್ತರಿ ಮಾಡಬೇಕು. ರಘುನಾಥಪುರದ ಕಡೆ ತೋಟದಲ್ಲೇ ಮುದುಕರಾದ ಕೆಲಸಗಾರರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಏಪ್ರಿಲ್ ಕಟಿಂಗು ಕಡ್ಡಿಗೆ ಸಾ, ಅಕ್ಟೋಬರ್ ಕಟಿಂಗು ಕಾಯಿಗೆ.”

ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯ ಈ ರಘುನಾಥಪುರದಲ್ಲೇ ಗ್ರೋವರ್ ಮನೆತನ ಕಟ್ಟಿದ ವೈನರಿ ಇದೆ. ಕನ್ವಲ್ ಗ್ರೋವರ್ ರೈತರಲ್ಲ, ಉದ್ಯಮಿ. ಯಂತ್ರೋಪಕರಣಗಳ ವ್ಯವಹಾರಕ್ಕಾಗಿ ಫ್ರಾನ್ಸಿಗೆ ಓಡಾಡುತ್ತ ಅಲ್ಲಿನ ವೈನ್‌ಗೆ ಮನಸೋತವರು. ಅದನ್ನು ಭಾರತದಲ್ಲಿ ಬೆಳೆದ ಹಣ್ಣಿನಿಂದಲೇ ಮಾಡಬೇಕೆಂಬ ಹಂಬಲ ಅವರಿಗೆ ಹತ್ತಿತು. ಶಾಂಪೇನ್ ಪ್ರಾಂತ್ಯದ ಬೂಝಿ ಎಂಬ ಊರಿನ ಮೇಯರ್ ಆಗಿದ್ದ, ಮಮ್ ಶಾಂಪೇನ್ ಸಂಸ್ಥೆಯ ತೋಟಗಳನ್ನು ಬಲ್ಲ ಜಾರ್ಜ್ ವೆಸ್ಸೆಲ್ ಕನ್ವಲ್ ಅವರ ಜೊತೆಗೂಡಿದರು. ಇಬ್ಬರೂ ಜಾಗ ಹುಡುಕಿದರು. 35 ತಳಿಗಳನ್ನು ಪ್ರಯೋಗಕ್ಕೆ ಹಚ್ಚಿ ಕೊನೆಗೆ 9 ಉಳಿಸಿಕೊಂಡರು. 1988ರಲ್ಲಿ ನಂದಿಯ ತಪ್ಪಲಿನಲ್ಲಿ 40 ಎಕರೆಯಷ್ಟು ಜಾಗದಲ್ಲಿ ತೋಟ ಎದ್ದಿತು. ಮೊದಲ ವೈನ್ ಬಂದದ್ದು 1992ರಲ್ಲಿ.

ಈ ಮನೆತನದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬಾಟಲಿಗೆ ಮೊದಲಿನ ಆ ವರ್ಷಗಳು. ಫ್ರಾನ್ಸಿನ ತಳಿ ಫ್ರಾನ್ಸಿನ ಪಂಚಾಂಗವನ್ನು ಹೊತ್ತು ಬಂದಿರುತ್ತದೆ. ಯಾವುದು ಯಾವಾಗ ಚಿಗುರುತ್ತದೆ, ಯಾವುದಕ್ಕೆ ಬೂದಿ ರೋಗ ಬೇಗ ಹತ್ತುತ್ತದೆ, ಯಾವುದರ ಹುಳಿ ಇಲ್ಲಿನ ಬಿಸಿಲಿಗೆ ಮೊದಲು ಕರಗುತ್ತದೆ ಎಂಬುದನ್ನು ಬಳ್ಳಿ ಒಂದೊಂದೇ ವರ್ಷ ಹೇಳುತ್ತದೆ. ಅವಸರ ಮಾಡುವವರಿಗೆ ಅದು ಏನನ್ನೂ ಹೇಳುವುದಿಲ್ಲ. ನೆಟ್ಟ ಸಸಿ ಹಣ್ಣು ಕೊಡಲು ಮೂರು ವರ್ಷ ಬೇಕು, ವೈನ್‌ಗೆ ತಕ್ಕ ಹಣ್ಣು ಕೊಡಲು ಇನ್ನೂ ಹೆಚ್ಚು. ಮಗ, ಮೊಮ್ಮಗಳು ಕಾಯಿ ಕೊಯ್ಯಲಿ ಎಂದು ಹಲಸು ನೆಡುವವರ ಲೆಕ್ಕಾಚಾರದಲ್ಲೇ ದ್ರಾಕ್ಷಿ ತೋಟವನ್ನೂ ನೆಡಬೇಕಾಗುತ್ತದೆ.

ನಂದಿಯೇ ಏಕೆ? ಕಾಲ ಕೆಳಗಿನ ನೆಲ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಈ ಬಯಲು ಸಮುದ್ರ ಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿದೆ. ಬೆಟ್ಟದ ನೆತ್ತಿ 1,478 ಮೀಟರ್. ಸುಮಾರು 250 ಕೋಟಿ ವರ್ಷ ಹಳೆಯ ಬಂಡೆ ಸವೆದು ಮರಳು ಬೆರೆತ ಕೆಂಪು ಮಣ್ಣಾಗಿದೆ. ಅದರಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಚಳಿಗಾಲದ ರಾತ್ರಿ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಜಾರಿ ಬರುತ್ತದೆ. ನೆತ್ತಿಯ ಮೇಲಿನ ಹಸಿರು ಕಾಡಿನ ತುಣುಕಿನಲ್ಲಿ ನೀಲಗಿರಿಯ ಕಾಡು ಪಾರಿವಾಳವಿದೆ. ಪಶ್ಚಿಮ ಘಟ್ಟದ ಆ ಹಕ್ಕಿ ನೂರಾರು ಕಿಲೋಮೀಟರ್ ಒಣ ಬಯಲಿನ ನಡುವೆ ಇಲ್ಲಿ ಉಳಿದುಕೊಂಡಿರುವುದೇ ಬೆಟ್ಟದ ತಂಪಿಗೆ ಸಾಕ್ಷಿ. ಇಳಿಜಾರಿನ ಬಂಡೆ ಕುರುಚಲಿನಲ್ಲಿ ಹಳದಿ ಕತ್ತಿನ ಪಿಕಳಾರವಿದೆ. ಇಡೀ ಜಗತ್ತಿನಲ್ಲಿ ದಕ್ಷಿಣ ಭಾರತದ ಬಂಡೆ ಬೆಟ್ಟಗಳನ್ನು ಬಿಟ್ಟರೆ ಅದು ಎಲ್ಲೂ ಸಿಗದು. ಕೆಂಪು ಬಾಲಬುಡದ ಮಾಮೂಲಿ ಪಿಕಳಾರ ತೋಟಕ್ಕೆ ನುಗ್ಗಿ ಹಣ್ಣು ಕುಕ್ಕುತ್ತದೆ. ಹಳದಿ ಕತ್ತಿನದು ಬಂಡೆ ಬಿಟ್ಟು ಬೇಲಿ ದಾಟಿ ಬಂದದ್ದನ್ನು ನಾನು ಕಂಡಿಲ್ಲ.

ಬೇಲಿಯಲ್ಲಿ ಇನ್ನೊಂದು ಬಳ್ಳಿಯಿದೆ, ನೋಡಲೇಬೇಕಾದದ್ದು. ಮಂಗರಬಳ್ಳಿ. ನಾಲ್ಕು ಮೂಲೆಯ ಹಸಿರು ಕಾಂಡ, ಗಿಣ್ಣುಗಿಣ್ಣಿಗೂ ಸೊಂಟ. ಮೂಳೆಗೆ ಒಳ್ಳೆಯದೆಂದು ಚಟ್ನಿ ಅರೆಯುವ ಇದು ದ್ರಾಕ್ಷಿಯ ಕುಟುಂಬದ್ದೇ. ಎಲೆಗೆ ಎದುರಾಗಿ ನುಲಿಯುವ ಕುಡಿ ಹೊರಡುವುದನ್ನು ನೋಡಿದರೆ ನಂಟು ತಿಳಿಯುತ್ತದೆ. ಬೇಲಿಯೊಳಗಿನ ಶಿರಾಝ್ ದ್ರಾಕ್ಷಿಬಳ್ಳಿಯಲ್ಲೂ ಕುಡಿ ಎಲೆಗೆ ಎದುರೇ. ಮಂಗರಬಳ್ಳಿ ಹಗಲಿನಲ್ಲಿ ತನ್ನ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ನೀರು ಉಳಿಸುವ ಈ ವಿದ್ಯೆ ದ್ರಾಕ್ಷಿಗೆ ಬಾರದು. ಅದಕ್ಕೆ ಹನಿ ನೀರಾವರಿಯ ಕೊಳವೆ ಬೇಕು. ಒಂದೇ ಮಣ್ಣು, ಒಂದೇ ಬಿಸಿಲು. ಬೇಲಿಯ ಆಚೆ ಒಂದು, ಈಚೆ ಒಂದು.

ನುಲಿಕುಡಿಗೂ ಗೊಂಚಲಿಗೂ ಹತ್ತಿರದ ಸಂಬಂಧವಿದೆ. ಏಪ್ರಿಲ್‌ನಲ್ಲಿ ಸವರಿದ ಮೇಲೆ ಬರುವ ಹೊಸ ಕಡ್ಡಿಯ ಕಣ್ಣುಗಳೊಳಗೆ, ಮೇ–ಜೂನ್ ಹೊತ್ತಿಗೆ, ಕಣ್ಣಿಗೆ ಕಾಣದ ಒಂದು ಮೊಳಕೆ ಮೂಡುತ್ತದೆ. ಕುಡಿಯಾಗಬೇಕೋ ಗೊಂಚಲಾಗಬೇಕೋ ಎಂಬುದು ಇನ್ನೂ ಆಗ ತೀರ್ಮಾನವಾಗಿರುವುದಿಲ್ಲ. ಬೆಳಕೂ ಬಿಸಿಯೂ ಸಾಕಷ್ಟಿದ್ದು ಕಡ್ಡಿಯಲ್ಲಿ ಆಹಾರ ತುಂಬಿದ್ದರೆ ಗೊಂಚಲು. ಎಲೆ ಒತ್ತಾಗಿ ನೆರಳು ಕವಿದರೆ, ಮೋಡದ ದಿನಗಳು ಹೆಚ್ಚಾದರೆ ಕುಡಿ. ಬಲಿತ ಗೊಂಚಲಿನ ಕತ್ತಿನಲ್ಲಿ ಒಂದು ತೋಳು ನುಲಿಕುಡಿಯಾಗಿ ತಂತಿಗೆ ಸುತ್ತಿಕೊಂಡಿರುವುದನ್ನು ಯಾವ ತೋಟದಲ್ಲಾದರೂ ನೋಡಬಹುದು. ಫೆಬ್ರವರಿಯಲ್ಲಿ ಕೊಯ್ಯುವ ಹಣ್ಣು ಜೂನ್‌ನಲ್ಲೇ ಕಣ್ಣೊಳಗೆ ಕೂತಿರುತ್ತದೆ. ಹಾಗಾಗಿ ಜೂನ್‌ನಲ್ಲಿ ಎಲೆ ಬಿಡಿಸಿ ಬೆಳಕು ಬಿಡುವ ಹೆಂಗಸರ ಕೈಯೇ ಈ ಉದ್ಯಮದ ಅಡಿಪಾಯ ಎಂದು ನನಗೆ ತೋರುತ್ತದೆ. ವೈನ್ ಬಗ್ಗೆ ಬರೆಯುವವರು ಪೀಪಾಯಿಯ ಬಳಿ ನಿಲ್ಲುತ್ತಾರೆ, ನಿಲ್ಲಬೇಕಾದದ್ದು ಇಲ್ಲಿ.

ಗ್ರೋವರ್ ಕುಟುಂಬ ಬರುವ ಮೊದಲು ಈ ಸೀಮೆಯಲ್ಲಿ ದ್ರಾಕ್ಷಿ ಇರಲಿಲ್ಲವೆಂದಲ್ಲ. ಬೆಂಗಳೂರು ನೀಲಿ ದ್ರಾಕ್ಷಿ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಲ್ಲುಕಂಬದ ಚಪ್ಪರಗಳ ಮೇಲೆ ತಲೆಮಾರುಗಳಿಂದ ಹಬ್ಬಿದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಬೆರೆತ ತಳಿ. ಸಿಪ್ಪೆ ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತದೆ. ಚಪ್ಪರದ ಕೆಳಗೆ ನಿಂತರೆ ಸಾಕು, ಆ ಗಾಢ ಪರಿಮಳ ಬಟ್ಟೆಗೂ ಹತ್ತುತ್ತದೆ. ರೋಗ ತಡೆಯುತ್ತದೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. “ನೀಲಿ ದ್ರಾಕ್ಷಿ ತಾಯಿ ಇದ್ದಂಗೆ ಸಾ, ತಪ್ಪು ಮಾಡಿದ್ರೂ ಒಂದಿಷ್ಟು ಇಕ್ತದೆ,” ಎಂದರು ಚಪ್ಪರವಿನ್ನೂ ಉಳಿಸಿಕೊಂಡಿರುವ ರೈತರೊಬ್ಬರು. ವೈನ್ ತಳಿಗಳು ಹಾಗಲ್ಲ. ಕ್ಯಾಬರ್ನೆ ಸೋವಿನ್ಯೋನ್ ಹಣ್ಣು ಬಟಾಣಿಗಿಂತ ತುಸು ದೊಡ್ಡದು, ಸಿಪ್ಪೆ ದಪ್ಪ, ಬೀಜ ಹೆಚ್ಚು, ತಿರುಳು ಕಮ್ಮಿ. ತಿನ್ನಲು ಕೊಟ್ಟರೆ ಮಕ್ಕಳು ಉಗುಳುತ್ತಾರೆ. ಬಣ್ಣವೂ ಒಗರೂ ಆ ಸಿಪ್ಪೆಯಲ್ಲೇ ಇರುವುದರಿಂದ ವೈನ್ ಮಾಡುವವರಿಗೆ ಬೇಕಾದದ್ದು ಅದೇ. ಹೆಚ್ಚು ಕಾಯಿ ಬಿಟ್ಟರೆ ಗುಣ ಇಳಿಯುತ್ತದೆ ಎಂದು ಹಸಿರು ಗೊಂಚಲನ್ನು ಕಿತ್ತು ನೆಲಕ್ಕೆ ಹಾಕುವ ಪದ್ಧತಿ ವೈನ್ ತೋಟಗಳಲ್ಲಿದೆ. ಚಪ್ಪರದ ರೈತರಿಗೆ ಅದು ಹೊಟ್ಟೆ ಉರಿಸುವ ನೋಟ.

ಎರಡನೇ ಸವರುವಿಕೆ ಹಸ್ತ ಮತ್ತು ಚಿತ್ತಾ ಮಳೆಗಳ ನಡುವೆ ಬರುತ್ತದೆ. ಇಡೀ ವರ್ಷದ ಕಷ್ಟದ ತೀರ್ಮಾನ ಇದೇ. ಈ ಸೀಮೆಗೆ ವರ್ಷಕ್ಕೆ ಬೀಳುವ 750–800 ಮಿ.ಮೀ. ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನದು. ಬೇಗ ಸವರಿದರೆ ಎಳೆ ಚಿಗುರು, ಹೂವು ಮಳೆಗೆ ಸಿಕ್ಕಿ ಬೂಜು ಹಿಡಿಯುತ್ತದೆ. ತಡ ಮಾಡಿದರೆ ಹಣ್ಣು ಮಾಗುವುದು ಮಾರ್ಚ್ ಕೊನೆಯ ಉರಿಬಿಸಿಲಿಗೆ ಹೋಗಿ, ಹುಳಿ ಬತ್ತಿ ಸಕ್ಕರೆ ಮಾತ್ರ ಉಳಿಯುತ್ತದೆ. 2021ರಲ್ಲಿ ಹಿಂಗಾರು ನವೆಂಬರ್ ತುಂಬ ಸುರಿದಾಗ ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಎಲೆಯ ಅಡಿಯಲ್ಲಿ ಬಿಳಿ ಬೂಜು, ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ.

ಬೂಜಿಗೆ ಹೊಡೆಯುವ ಮೈಲುತುತ್ತ–ಸುಣ್ಣದ ನೀರಿನ ಕಥೆ ಕನ್ನಡಿಗರಿಗೆ ಹತ್ತಿರದ್ದು. ಅಮೆರಿಕದಿಂದ ಬಂದ ಬೂಜು ಫ್ರಾನ್ಸಿನ ತೋಟಗಳನ್ನು ತಿನ್ನುತ್ತಿದ್ದಾಗ, ದಾರಿಬದಿಯ ಹಣ್ಣನ್ನು ಕಳ್ಳರು ಮುಟ್ಟದಿರಲೆಂದು ನೀಲಿ ದ್ರಾವಣ ಎರಚಿದ್ದ ಬಳ್ಳಿಗಳಷ್ಟೇ ಹಸಿರಾಗಿ ಉಳಿದದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದರು. 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣ ಎಂಬ ಹೆಸರು ನಿಂತಿತು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹಚ್ಚಿದರು. ದ್ರಾಕ್ಷಿಯ ಬೂಜೂ ಅಡಿಕೆಯ ಕೊಳೆಯೂ ಒಂದೇ ಬಗೆಯ, ನೀರನ್ನೇ ನಂಬಿದ ಜೀವಿಗಳು. ಹೀಗೆ ಫ್ರಾನ್ಸಿನ ಬಳ್ಳಿ ನಂದಿಗೆ ಬರುವ ಎಷ್ಟೋ ಮೊದಲೇ ಅದರ ಮದ್ದು ತೀರ್ಥಹಳ್ಳಿ, ಶೃಂಗೇರಿಯ ತೋಟಗಳನ್ನು ಕಾಯುತ್ತಿತ್ತು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕೂಡುವ ಹೊತ್ತಿಗೆ ಕಾಯಿ ಹಸಿರಾಗಿ ಗಟ್ಟಿಯಾಗಿರುತ್ತದೆ. ಆಮೇಲೆ ಕೆಲವೇ ದಿನಗಳಲ್ಲಿ ಬಣ್ಣ ತಿರುಗುತ್ತದೆ. ಇಡೀ ಗೊಂಚಲು ಒಟ್ಟಿಗೆ ತಿರುಗುವುದಿಲ್ಲ. ಹಸಿರಿನ ನಡುವೆ ಒಂದು ಕಾಯಿ ಕೆಂಪು ಮಿಶ್ರಿತ ನೇರಳೆಯಾಗುತ್ತದೆ, ಮರುದಿನ ಪಕ್ಕದ್ದಲ್ಲ, ಇನ್ನೆಲ್ಲೋ ಒಂದು. ಮುಟ್ಟಿದರೆ ಬಣ್ಣ ಬಂದದ್ದು ಮೆತ್ತಗೆ, ಹಸಿರಿನದು ಕಲ್ಲು. ಹಣ್ಣು ಮೆತ್ತಗಾದ ಸುದ್ದಿ ಹಕ್ಕಿಗಳಿಗೆ ಹೇಗೆ ತಿಳಿಯುತ್ತದೋ, ಗಿಳಿಗಳು ಅದೇ ವಾರ ಹಾಜರು. ಗಿಳಿ ತಿನ್ನುವುದಕ್ಕಿಂತ ಹರಿದು ಚೆಲ್ಲುವುದೇ ಹೆಚ್ಚು. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುವ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಅವು ಹಣ್ಣಿನಷ್ಟೇ ಆಸೆಯಿಂದ ಮಿಡತೆಯನ್ನೂ ತಿನ್ನುವುದನ್ನು ನೋಡಿದ್ದೇನೆ. ಬಲೆ ಕಟ್ಟುವುದು ಸರಿಯೇ, ಆದರೆ ಬಲೆಯ ಕೆಳಗಿನ ಅಂಚು ನೆಲಕ್ಕೆ ಬಿಗಿಯಾಗಿರಬೇಕು. ಸಡಿಲ ಬಿಟ್ಟ ಬಲೆಯಲ್ಲಿ ಕೇರೆ ಹಾವು ಸಿಕ್ಕಿ ಸಾಯುತ್ತದೆ, ಆಮೇಲೆ ಇಲಿ ಹೆಚ್ಚುತ್ತದೆ.

ನಂದಿ ಗ್ರಾಮದ ಭೋಗನಂದೀಶ್ವರನಿಗೆ ಶಿವರಾತ್ರಿಯ ತೇರು ಸಿದ್ಧವಾಗುವ ದಿನಗಳಲ್ಲೇ ಕೊಯ್ಲು. ಕತ್ತಲೆ ಹರಿಯುವ ಮುನ್ನ ಹೆಂಗಸರು ಸಾಲಿಗಿಳಿಯುತ್ತಾರೆ. “ಬಿಸ್ಲು ಬಿದ್ಮೇಲ್ ಕುಯ್ದ್ರೆ ಹಣ್ಣು ಬುಟ್ಟೀಲೇ ಬಿಸಿಯಾಗ್ತದಣ್ಣಾ,” ಎಂದು ಕ್ರೇಟು ತುಂಬುತ್ತಿದ್ದವರೊಬ್ಬರು ಹೇಳಿದ್ದು ಸರಿಯಾದ ರಸಾಯನಶಾಸ್ತ್ರ. ಬಿಸಿಯಲ್ಲಿ ಹಣ್ಣು ತನ್ನ ಹುಳಿಯನ್ನೇ ಉಸಿರಾಡಿ ಖರ್ಚು ಮಾಡುತ್ತದೆ, ಒಡೆದ ಹಣ್ಣಿನಲ್ಲಿ ಹುದುಗು ತಂತಾನೇ ಶುರುವಾಗುತ್ತದೆ. ಹಣ್ಣಿನ ಮೈಮೇಲೆ ಬಗೆಬಗೆಯ ಕಾಡು ಯೀಸ್ಟ್‌ಗಳಿರುತ್ತವೆ. ಆದರೆ ಸಕ್ಕರೆಯನ್ನು ಪೂರ್ತಿ ವೈನ್ ಮಾಡಿ ಮುಗಿಸುವ ತಳಿ ಕೆಡದ ಹಣ್ಣಿನ ಮೇಲೆ ಅಪರೂಪ. ಅದು ಚಳಿಗಾಲವನ್ನು ಕಣಜದ ಕರುಳಿನಲ್ಲಿ ಕಳೆದು, ತಾಯಿ ಕಣಜದಿಂದ ಮರಿಗಳಿಗೆ ದಾಟಿ, ಮತ್ತೆ ಹಣ್ಣಿಗೆ ಬರುತ್ತದೆಂದು ಇಟಲಿಯ ಸಂಶೋಧಕರು 2012ರಲ್ಲಿ ತೋರಿಸಿದರು. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬೆಳೆಸಿದ ಯೀಸ್ಟನ್ನೇ ಹಾಕುತ್ತಾರೆ, ಉಕ್ಕಿನ ತೊಟ್ಟಿಯನ್ನು ತಂಪಾಗಿ ಇಡುತ್ತಾರೆ. ಹಾಗಿದ್ದರೂ ಕಲ್ಲುಕಂಬದ ಸಂದಿನಲ್ಲಿ ಕಾಗದದ ಗೂಡು ಕಟ್ಟಿದ ಕಣಜವನ್ನು ಕಂಡರೆ ಸುಡುವ ಕೈಗೆ ನಾನು ಈ ಕಥೆ ಹೇಳುತ್ತೇನೆ. ಅದು ಎಲೆ ತಿನ್ನುವ ಹುಳುಗಳನ್ನು ಹಿಡಿದೊಯ್ದು ಮರಿಗೆ ಉಣಿಸುತ್ತದೆ ಎನ್ನುವುದನ್ನೂ ಸೇರಿಸುತ್ತೇನೆ.

ವೈನರಿ ಬೆಳೆದ ಕಥೆ ಚಿಕ್ಕದಾಗಿ ಹೇಳಿ ಮುಗಿಸಬಹುದು. 1990ರ ದಶಕದ ಮಧ್ಯದಲ್ಲಿ ಬೋರ್ಡೋದ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ–ಶಿರಾಝ್ ಬೆರೆಸಿದ ‘ಲಾ ರಿಸರ್ವ್’ ಹೆಸರು ಮಾಡಿತು. 1976ರ ಪ್ಯಾರಿಸ್ ಪಂದ್ಯದಲ್ಲಿ ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಫ್ರಾನ್ಸಿನವುಗಳ ಎದುರು ನಿಲ್ಲಿಸಿದ ಸ್ಟೀವನ್ ಸ್ಪರಿಯರ್, 2005ರಲ್ಲಿ ಡಿಕ್ಯಾಂಟರ್ ಪತ್ರಿಕೆಯಲ್ಲಿ ಅದನ್ನು ಮೆಚ್ಚಿ ಎತ್ತಿ ಹಿಡಿದರು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ತೋಟವಿಟ್ಟು ವೈನ್ ಮಾಡಲು ಹೊರಟ ಬೇರೆ ಮನೆತನಗಳಿಗೂ ದಾರಿ ತೆರೆಯಿತು. ಕನ್ವಲ್ ಅವರ ಮಗ ಕಪಿಲ್ ಕಂಪನಿ ನಡೆಸಿದರು. ಮೊಮ್ಮಗಳು ಕರಿಷ್ಮಾ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ದ್ರಾಕ್ಷಿ ಬೇಸಾಯ, ವೈನ್ ತಯಾರಿಕೆ ಓದಿ ಬಂದರು. 2012ರಲ್ಲಿ ಕಂಪನಿ ನಾಸಿಕ್‌ನ ವ್ಯಾಲೆ ದ ವ್ಯಾಂ ಜೊತೆ ಸೇರಿ ಗ್ರೋವರ್ ಝಂಪಾ ಎಂಬ ಹೆಸರಾಯಿತು, ಹೊರಗಿನ ಬಂಡವಾಳವೂ ಬಂತು. ಒಂದು ಮನೆಯ ತೋಟ ಕಂಪನಿಯಾದಾಗ ಏನು ಉಳಿಯುತ್ತದೆ ಎಂದು ಕೇಳಿದರೆ ನಾನು ತೋಟದ ಕಡೆಗೆ ಕೈ ತೋರಿಸುತ್ತೇನೆ. ಯಾವ ಸಾಲಿನಲ್ಲಿ ಎಂಥ ಬೂಜು ಮೊದಲು ಬರುತ್ತದೆಂಬ ತಿಳಿವಳಿಕೆ ಷೇರು ಪತ್ರದ ಜೊತೆ ಕೈ ಬದಲಾಯಿಸುವುದಿಲ್ಲ. ಅದು ಸವರುವವರ ಕೈಯಲ್ಲಿ, ತೋಟದ ಹಳೆಯ ದಾಖಲೆ ಪುಸ್ತಕಗಳಲ್ಲಿ ಇರುತ್ತದೆ. ಅವರನ್ನೂ ಅವನ್ನೂ ಜೋಪಾನ ಮಾಡಬೇಕು.

ನನ್ನ ನಿಜವಾದ ಚಿಂತೆ ನೀರು. ಅರ್ಕಾವತಿ ಹುಟ್ಟುವುದು ಈ ಬೆಟ್ಟದಲ್ಲೇ. ಅದರ ಮೇಲಿನ ಹೆಸರಘಟ್ಟ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಹೋಯಿತು. ಈಗ ಆ ನದಿಯ ಪಾತ್ರದಲ್ಲಿ ಮಳೆ ಬಂದ ದಿನಗಳನ್ನು ಬಿಟ್ಟರೆ ನಡೆದುಹೋಗಬಹುದು. ಬೋರ್‌ವೆಲ್, ನೀಲಗಿರಿ ತೋಪು, ಮುಚ್ಚಿಹೋದ ರಾಜಕಾಲುವೆ ಎಲ್ಲ ಸೇರಿ ಹೀಗಾಗಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಚಪ್ಪರದ ಕಲ್ಲುಕಂಬಗಳನ್ನು ಕಿತ್ತು ಬಡಾವಣೆ ಗುರುತು ಹಾಕಿದ ಜಮೀನುಗಳು ದಾರಿಯುದ್ದಕ್ಕೂ ಸಿಗುತ್ತವೆ. ಕೆಂಪು ವೈನ್‌ನ ದ್ರಾಕ್ಷಿಗೆ ತುಸು ಬಾಯಾರಿಕೆ ಒಳ್ಳೆಯದು. ಹಣ್ಣು ಚಿಕ್ಕದಾಗಿ ಸಿಪ್ಪೆಯ ಸತ್ವ ಹೆಚ್ಚುತ್ತದೆ. ಹನಿ ನೀರಾವರಿಯಲ್ಲಿ ಅದು ಅನೇಕ ಬೆಳೆಗಳಿಗಿಂತ ಕಡಿಮೆ ನೀರಿನಲ್ಲಿ ಬದುಕುತ್ತದೆ. ಆದರೆ ಆ ಹನಿಯೂ ಸಾವಿರ ಅಡಿಯ ಕೆಳಗಿನ ಬಂಡೆ ಸೀಳಿನಿಂದ ಬರಬೇಕೆಂದಾದರೆ, ಒಂದು ಮನೆತನ ಎಷ್ಟೇ ತಾಳ್ಮೆಯಿಂದ ಕಾದರೂ ಬೇಲಿಯ ಹೊರಗಿನ ಕೆರೆ ತುಂಬದೆ ಪ್ರಯೋಜನವಿಲ್ಲ.

ಕೆರೆಗಳು ಈಗ ಬೇರೆ ಬಗೆಯಲ್ಲಿ ತುಂಬುತ್ತಿವೆ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪ್ ಮಾಡುತ್ತಾರೆ. ಒಣಗಿದ್ದ ಅಂಗಳದಲ್ಲಿ ನೀರು ನಿಂತಿದೆ, ಬಾತುಕೋಳಿ ಬಂದಿದೆ, ಸುತ್ತಲ ಬಾವಿಗಳಲ್ಲಿ ಮಟ್ಟ ಏರಿದ್ದನ್ನು ರೈತರು ಸಂತೋಷದಿಂದ ಹೇಳುತ್ತಾರೆ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂದು ಕೇಳುವವರ ಜೊತೆ ನಾನಿದ್ದೇನೆ. ನೀರಿನಲ್ಲಿ ಕರಗಿರಬಹುದಾದ ಉಪ್ಪೂ ಒಂದು ಚಿಂತೆ: ದ್ರಾಕ್ಷಿ ಉಪ್ಪನ್ನು ಸಹಿಸದ ಬಳ್ಳಿ. ಉಪ್ಪಿನ ನೀರು ಬೇರಿಗೆ ಹತ್ತಿದರೆ ಮೊದಲು ಎಲೆಯಂಚು ಕಂದಿ, ಸುಟ್ಟಂತಾಗಿ ಒಳಕ್ಕೆ ಸರಿಯುತ್ತದೆ. ಆ ಗೆರೆ ಹಳೆಯ ಎಲೆಯಲ್ಲಿ ಮೊದಲು ಮೂಡುತ್ತದೆ, ಕುಡಿಯ ಎಲೆಯಲ್ಲಿ ಕೊನೆಗೆ. ಏಪ್ರಿಲ್‌ನಲ್ಲಿ ಸವರಿದ ಬಳ್ಳಿಗೆ ಜುಲೈ ಹೊತ್ತಿಗೆ ಬುಡದ ಎಲೆಗಳು ಬಲಿತಿರುತ್ತವೆ. ತೋಟವಿರುವವರು ಆಗ ಬಗ್ಗಿ, ಕೆಳಗಿನ ನಾಲ್ಕು ಎಲೆಗಳ ಅಂಚು ನೋಡಿ ಬರೆದಿಡಬೇಕು. ಬಾವಿಯ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಬೇಕು.